ವಿನಿಫ್ರೆಡ್ ಹಡಗಿನ ಎರಡು ಹೆಸರು

ಮುಕರ್ರಮ್ ಸಾಹೇಬರಿಗೆ ಮೂಗಿನ ತುದಿಯಲ್ಲೇ ಕೋಪ. ಅಮೆರಿಕದ ಸನ್ನಿವೇಲ್‌ನಲ್ಲಿ ಅವರನ್ನು ಬಲ್ಲವರೆಲ್ಲ ಇದನ್ನು ನಗುನಗುತ್ತಲೇ ಹೇಳುತ್ತಾರೆ. ಅಪಾರ್ಟ್‌ಮೆಂಟಿನ ಮೆಟ್ಟಿಲ ಹಿಡಿಕೆಗೆ ಯಾರೋ ಮೊಳೆ ಹೊಡೆದರೆಂದು ಮ್ಯಾನೇಜರನ ಜೊತೆ ಅರ್ಧ ದಿನ ಜಗಳವಾಡಿದ ಮನುಷ್ಯ ಅವರು. ಸ್ನೇಹಿತರ ಮನೆಗೆ ಊಟಕ್ಕೆ ಹೋದರೆ ಬಿರಿಯಾನಿಗಿಂತ ಮೊದಲು ಮೇಜಿನ ಅಡಿಯನ್ನು ಸವರಿ ನೋಡಿ, ಇದು ಮರವೇ ಅಲ್ಲ, ಮರದ ಪುಡಿಗೆ ಅಂಟು ಕಲಸಿ ಒತ್ತಿದ್ದು ಎಂದು ಮನೆಯವರ ಮುಖಕ್ಕೇ ಹೇಳಿಬಿಡುತ್ತಾರೆ. ಆದರೆ ಎರಡು ಸಾವಿರದ ಇಸವಿಯ ಮಾರ್ಚ್‌ನಲ್ಲಿ ಅವರಿಗೆ ಬಂದ ಕೋಪ ನಗುವಂಥದ್ದಾಗಿರಲಿಲ್ಲ. ಆ ಕೋಪದಲ್ಲಿ ಅರ್ಧ ಪಾಲು ತಮ್ಮ ಮೇಲೆಯೇ ಇತ್ತು.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹುಟ್ಟಿದವರು. ಬೀಟೆ ಮರದ ಹಲಗೆಯಲ್ಲಿ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಆನೆ, ನವಿಲು, ಹೂಬಳ್ಳಿ ಮೂಡಿಸುವ ಕಸುಬು ಅವರ ಮನೆತನದ್ದು. ಕಲಿಸಿದ ಉಸ್ತಾದರು ಮಾತು ಕಡಿಮೆ ಆಡುವವರು, ಏಟು ಹೆಚ್ಚು ಕೊಡುವವರು. ಅವರು ಹಾಕಿಕೊಟ್ಟ ಕಟ್ಟುಪಾಡು ಎರಡೇ. ಕೂರಿಸಿದ ಜಾಗದಲ್ಲಿ ಉಗುರು ಎಳೆದರೆ ಎಲ್ಲೂ ತಗುಲಬಾರದು. ಮತ್ತು ಮಾಡಿದವನು ಎಷ್ಟೇ ದೊಡ್ಡ ಕಸುಬುದಾರನಾಗಿರಲಿ, ಮರದ ಮೇಲೆ ತನ್ನ ಹೆಸರು ಬರೆಯಬಾರದು. ಶ್ರೀರಂಗಪಟ್ಟಣದ ಕೋಟೆ ಗೋಡೆಯ ಮೇಲೆ ಪ್ರೇಮಿಗಳು ಬಾಣ ಹಾಕಿ ಹೆಸರು ಗೀಚಿದ್ದು ಕಂಡರೆ ಉಸ್ತಾದರು ಅಲ್ಲೇ ನಿಂತು ಆ ಪ್ರೇಮಿಗಳ ಏಳು ತಲೆಮಾರಿಗೂ ಮಂಗಳಾರತಿ ಎತ್ತುತ್ತಿದ್ದರಂತೆ. ಶಿಷ್ಯನೂ ಹಾಗೇ ಆದದ್ದರಲ್ಲಿ ಆಶ್ಚರ್ಯವಿಲ್ಲ.

ಹೆಂಡತಿ ನೂರುನ್ನಿಸಾಳ ಅಣ್ಣ ಕರೆಸಿಕೊಂಡ ಮೇಲೆ ಅಮೆರಿಕಕ್ಕೆ ಬಂದರು. ನೂರುನ್ನಿಸಾ ಒಂದು ಡೇಕೇರ್‌ನಲ್ಲಿ ಕೆಲಸಕ್ಕೆ ಸೇರಿದಳು. ಸಾಹೇಬರು ಮೊದಮೊದಲು ಲಾಸ್ ಆಲ್ಟೋಸ್‌ನ ಶ್ರೀಮಂತರ ಅಡುಗೆಮನೆ ಕಪಾಟುಗಳಿಗೆ ವಾರ್ನಿಶ್ ಹಚ್ಚಿದರು. ಆಮೇಲೆ ಅಲಮೀಡಾದ ಒಂದು ದೋಣಿ ಕಾರ್ಖಾನೆಯವರು ಅವರ ಕೈ ನೋಡಿ ಕರೆದುಕೊಂಡರು. ಹತ್ತು ವರ್ಷ ಅಲ್ಲಿ ಹಳೆಯ ದೋಣಿಗಳ ಮರಗೆಲಸ ಮಾಡಿದ ಮೇಲೆ ಅವರ ಪಾಲಿಗೆ ಬಂದದ್ದು ವಿನಿಫ್ರೆಡ್.

ವಿನಿಫ್ರೆಡ್ ನೂರಿಪ್ಪತ್ತು ಅಡಿ ಉದ್ದದ ವಿಹಾರದ ಹಡಗು. ಸಾವಿರದ ಒಂಬೈನೂರ ಇಪ್ಪತ್ತೆಂಟರಲ್ಲಿ, ಡಬ್ಬಿಯಲ್ಲಿ ಪೀಚ್ ಹಣ್ಣು ತುಂಬಿ ಮಾರುವ ಒಬ್ಬ ಸಾಹುಕಾರ ತನ್ನ ಹೆಂಡತಿಯ ಹೆಸರಿನಲ್ಲಿ ಕಟ್ಟಿಸಿದ್ದು. ಎರಡನೆಯ ಮಹಾಯುದ್ಧ ಶುರುವಾದಾಗ ನೌಕಾಪಡೆ ಅದನ್ನು ಪಡೆದುಕೊಂಡಿತು. ದಿವಾನಖಾನೆಯ ಪಿಯಾನೋ ಇಳಿಯಿತು, ಬಿಳಿಯ ಮೈಗೆ ಬೂದು ಬಣ್ಣ ಬಂತು, ಮುಂದೆ ಒಂದು ಫಿರಂಗಿ, ಹಿಂದೆ ನೀರಿನೊಳಗೆ ಸಿಡಿಯುವ ಪೀಪಾಯಿ ಬಾಂಬುಗಳು. ವಿನಿಫ್ರೆಡ್ ಅನ್ನುವ ಹೆಸರೂ ಹೋಗಿ ಬರೀ ಒಂದು ನಂಬರು ಉಳಿಯಿತು. ಮೂರು ವರ್ಷ ಅದು ಗೋಲ್ಡನ್ ಗೇಟ್‌ನ ಆಚೆ, ಶತ್ರುವಿನ ಜಲಾಂತರ್ಗಾಮಿ ಬಂದೀತೆಂದು ಹಗಲೂ ಇರುಳೂ ಕಾವಲು ಸುತ್ತಿತು. ಯುದ್ಧ ಮುಗಿದ ಮೇಲೆ ಕೈಯಿಂದ ಕೈಗೆ ದಾಟಿ, ಉತ್ತರದ ಯಾವುದೋ ಬಂದರಿನಲ್ಲಿ ಕೊಳೆಯುತ್ತಿದ್ದಾಗ ಅದನ್ನು ಕೊಂಡವನು ಸುಧನ್ವ.

ಈ ಸುಧನ್ವ ಬೆಂಗಳೂರಿನ ಜಯನಗರದವನು, ವಯಸ್ಸು ಮೂವತ್ತನಾಲ್ಕು. ಇಂಟರ್‌ನೆಟ್‌ನಲ್ಲಿ ಹೂವು ಮಾರುವ ಕಂಪನಿ ಕಟ್ಟಿದ್ದ. ಹೂವು ಎಷ್ಟು ಮಾರಿತೋ ದೇವರೇ ಬಲ್ಲ, ಕಂಪನಿಯ ಹೆಸರಂತೂ ಎಲ್ಲರ ಬಾಯಲ್ಲಿತ್ತು. ಆ ವರ್ಷಗಳು ಹಾಗಿದ್ದವು. ಮಾರ್ಚ್‌ನಲ್ಲಿ ಕಂಪನಿಯ ಷೇರು ಮಾರುಕಟ್ಟೆಗೆ ಬರುವುದಿತ್ತು. ಅದರ ಸಂತೋಷಕ್ಕೆ ಹಡಗಿನ ಮೇಲೆ ದೊಡ್ಡ ಪಾರ್ಟಿ. ಬಂದವರಿಗೆಲ್ಲ ಕಾಣುವ ಹಾಗೆ ದಿವಾನಖಾನೆಯಲ್ಲಿ ಒಂದು ಕಂಚಿನ ಫಲಕ, ಅದರ ಮೇಲೆ ಯುದ್ಧಕಾಲದಲ್ಲಿ ಈ ಹಡಗಿನಲ್ಲಿದ್ದ ಮೂವತ್ತೆಂಟು ಜನರ ಹೆಸರು. ಪೀಚ್ ಸಾಹುಕಾರನ ಮೊಮ್ಮಕ್ಕಳು ಎಂದೋ ಅಚ್ಚು ಹಾಕಿಸಿದ್ದ ಕಿರುಹೊತ್ತಿಗೆಯಿಂದ ಸುಧನ್ವನ ಸೆಕ್ರೆಟರಿ ಆ ಹೆಸರುಗಳನ್ನು ಎತ್ತಿಕೊಂಡಿದ್ದಳು.

"ಸಾಬ್ರೇ, ನಂಗೆ ಒಂದು ಸ್ಕ್ರ್ಯಾಚು ಕಾಣಬಾರದು. ಹೊಸ ಬೋಟು ಅನ್ನಬೇಕು ನೋಡಿದೋರು" ಎಂದು ಸುಧನ್ವ ಮೊದಲ ದಿನವೇ ಹೇಳಿದ್ದ. ಸಾಹೇಬರಿಗೂ ಬೇಕಾಗಿದ್ದು ಅದೇ.

ಜನವರಿಯಲ್ಲಿ ಅವರು ಅಡುಗೆಮನೆಯ ಪಕ್ಕದ ಬಡಿಸುವ ಕೋಣೆಗೆ ಕೈ ಹಾಕಿದರು. ಏಳು ಪದರ ಬಣ್ಣ ಕಿತ್ತ ಮೇಲೆ ಬಾಗಿಲ ಪಕ್ಕದ ತೇಗದ ಕಂಬದಲ್ಲಿ, ಎದೆಮಟ್ಟದಲ್ಲಿ, ಯಾರೋ ಚಾಕುವಿನಿಂದ ಕೆತ್ತಿದ ಎರಡು ಸಾಲು ಇಂಗ್ಲಿಷ್ ಅಕ್ಷರಗಳು ಕಂಡವು, ಯಾರದೋ ಎರಡು ಹೆಸರು. ಸೊಟ್ಟಂಬಟ್ಟ, ಕಾಲು ಇಂಚು ಆಳ. ಸಾಹೇಬರ ರಕ್ತ ಕುದಿಯಿತು. ಇಂಥ ಬಂಗಾರದಂಥ ಮರದ ಮೇಲೆ ಗೀಚಲು ಯಾವ ಪೋಲಿಗೆ ಮನಸ್ಸು ಬಂತೋ ಎಂದು ಒಬ್ಬರೇ ಬೈದುಕೊಳ್ಳುತ್ತ, ಅಕ್ಷರಗಳಿದ್ದಷ್ಟು ಭಾಗವನ್ನು ಉಳಿಯಿಂದ ಕೊರೆದು ತೆಗೆದರು. ಅದೇ ಬಣ್ಣದ, ಅದೇ ಗೆರೆ ಓಡುವ ತೇಗದ ತುಂಡು ಹುಡುಕಲು ಎರಡು ದಿನ ಹಿಡಿಯಿತು. ಕೂರಿಸಿ, ಉಪ್ಪುಕಾಗದ ಹಾಕಿ ಉಜ್ಜಿ, ವಾರ್ನಿಶ್ ಬಳಿದು ಉಗುರು ಎಳೆದರೆ ಎಲ್ಲೂ ತಗುಲಲಿಲ್ಲ. ಕಿತ್ತ ಚಕ್ಕೆಗಳು ಕಸದ ಜೊತೆ ಹೋದವು. ಆ ದಿನ ಮನೆಗೆ ಬಂದು, ಅಮೆರಿಕಕ್ಕೆ ಬಂದ ಮೇಲೆ ಮಾಡಿದ ಕೆಲಸದಲ್ಲೆಲ್ಲ ಇದೇ ಮೇಲು ಎಂದು ಹೆಂಡತಿಗೆ ಹೇಳಿ ಎರಡು ಚಪಾತಿ ಹೆಚ್ಚಿಗೆ ತಿಂದರು.

ಫೆಬ್ರವರಿಯ ಕೊನೆಯಲ್ಲಿ ಒಂದು ಮಧ್ಯಾಹ್ನ, ಉಳಿದವರೆಲ್ಲ ಊಟಕ್ಕೆ ಹೋಗಿದ್ದಾಗ, ಮುದುಕರೊಬ್ಬರು ಹಡಗಿನ ಬಳಿ ಬಂದು ನಿಂತರು. ಕುಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ತಲೆಗೆ ಟೋಪಿ, ಕೈಯಲ್ಲಿ ಪೇಪರಿನಿಂದ ಕತ್ತರಿಸಿದ ವಿನಿಫ್ರೆಡ್‌ನ ಫೋಟೋ. ಹೆಸರು ಬೆನಿಟೊ ವಿಯ್ಯರೊಯೆಲ್, ಮನೆ ವಲ್ಲೇಹೊದಲ್ಲಿ, ಹುಟ್ಟಿದ್ದು ಫಿಲಿಪ್ಪೀನ್ಸ್‌ನಲ್ಲಿ. ಯುದ್ಧದಲ್ಲಿ ಈ ಹಡಗಿನಲ್ಲೇ ಅಧಿಕಾರಿಗಳಿಗೆ ಊಟ ಬಡಿಸುವ ಕೆಲಸದಲ್ಲಿದ್ದೆ, ಬಡಿಸುವ ಕೋಣೆ ಒಂದು ಸಲ ನೋಡಬಹುದೇ ಎಂದು ಕೇಳಿದರು.

ದಾರಿ ತೋರಿಸುವ ಅಗತ್ಯವೇ ಬೀಳಲಿಲ್ಲ. ಚಾವಣಿ ತಗ್ಗಿದ್ದ ಕಡೆ ತಲೆ ತಾನಾಗಿ ಬಗ್ಗಿತು, ಮೆಟ್ಟಿಲಿದ್ದ ಕಡೆ ಕಾಲು ತಾನಾಗಿ ಇಳಿಯಿತು. ಸೀದಾ ಆ ಕಂಬದ ಮುಂದೆ ಹೋಗಿ ನಿಂತು ಎದೆಮಟ್ಟದಲ್ಲಿ ಕೈ ಇಟ್ಟರು. ಸವರಿದರು. ಕನ್ನಡಕ ಹಾಕಿಕೊಂಡು ನೋಡಿದರು. ಆಚೆ ಪಕ್ಕದ ಕಂಬ ನೋಡಿದರು, ಬಾಗಿಲ ಹಿಂಬದಿ ನೋಡಿದರು, ಮತ್ತೆ ಮೊದಲಿನ ಕಂಬಕ್ಕೇ ಬಂದರು.

ಏನು ಹುಡುಕುತ್ತಿದ್ದಾರೆಂದು ಅವರೇ ಹೇಳಿದರು. ಯುದ್ಧದಲ್ಲಿ ಅವರ ಜೊತೆಗೆ ಕ್ರಿಸ್ಪಿನ್ ಅಬ್ಲಾಸಾ ಎಂಬ ಗೆಳೆಯ ಇದ್ದ. ಒಂದೇ ಊರಿನವರು, ಒಂದೇ ದಿನ ಪಡೆಗೆ ಸೇರಿದವರು. ನಲವತ್ತಮೂರರ ಫೆಬ್ರವರಿಯಲ್ಲಿ, ಸಮುದ್ರ ಹುಚ್ಚೆದ್ದಿದ್ದ ಹೊತ್ತಿನಲ್ಲಿ ಎಂಜಿನ್ ಕೋಣೆಗೆ ಬೆಂಕಿ ಬಿತ್ತು. ಬೆಂಕಿ ತಗುಲುವ ಮೊದಲು ಮದ್ದುಗುಂಡಿನ ಪೆಟ್ಟಿಗೆಗಳನ್ನು ನೀರಿಗೆ ಎಸೆಯಿರಿ ಎಂದು ಇಬ್ಬರಿಗೂ ಹುಕುಂ ಆಯಿತು. ತಟ್ಟೆ ಹಿಡಿಯುವ ಕೈಗಳೇ ಪೆಟ್ಟಿಗೆ ಎತ್ತಿದವು. ಹನ್ನೊಂದು ಪೆಟ್ಟಿಗೆ ಎಸೆದರು. ಹನ್ನೆರಡನೆಯದರ ಜೊತೆಗೆ ಒಂದು ಅಲೆ ಕ್ರಿಸ್ಪಿನ್‌ನನ್ನೂ ಎಳೆದುಕೊಂಡು ಹೋಯಿತು. ಹಡಗು ಉಳಿಯಿತು. ಅವನ ಹೆಣ ಸಿಗಲಿಲ್ಲ. ಇಪ್ಪತ್ತು ವರ್ಷದ ಹುಡುಗನಿಗೆ ಒಂದು ಸಮಾಧಿಯೂ ಇಲ್ಲದ ಹಾಗಾಯಿತು. ಅವನು ಕೈಯಾರೆ ಬಿಟ್ಟುಹೋದದ್ದು ಈ ಕಂಬದಲ್ಲಿ ಕೆತ್ತಿದ ತಮ್ಮಿಬ್ಬರ ಹೆಸರು ಮಾತ್ರ. ಅದನ್ನು ಇನ್ನೊಂದು ಸಲ ಮುಟ್ಟಬೇಕೆಂದು ಬೆನಿಟೊ ಹಡಗಿನಿಂದ ಇಳಿದ ದಿನದಿಂದ ಕಾದಿದ್ದರು.

"ಇಲ್ಲೇ ಇತ್ತು" ಎಂದರು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, "ನನಗೆ ವಯಸ್ಸಾಯಿತು. ಮರೆವು ಶುರುವಾಗಿದೆ ಅಂತ ಮಗಳು ಹೇಳುತ್ತಲೇ ಇರುತ್ತಾಳೆ" ಎಂದು ನಕ್ಕರು.

ಮುಕರ್ರಮ್ ಸಾಹೇಬರು ಬಾಯಿ ಬಿಡಲಿಲ್ಲ. ನಾಲಿಗೆ ಒಣಗಿಹೋಗಿತ್ತು ಎಂದು ಆಮೇಲೆ ಹೇಳಿಕೊಂಡರು, ಆದರೆ ಅದು ನೆಪ. ನಿಜವಾಗಿ ಅವರು ಹೆದರಿದರು. ಮುದುಕರು ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟು, ಎಲ್ಲಾದರೂ ಆ ಅಕ್ಷರಗಳು ಕಂಡರೆ ತಿಳಿಸಿ ಎಂದು ಕೇಳಿಕೊಂಡು, ಕಂಬವನ್ನು ಇನ್ನೊಮ್ಮೆ ನೋಡಿ ಹೊರಟರು.

ಮೂರು ದಿನ ಸಾಹೇಬರು ಮನೆಯಲ್ಲಿ ಎಲ್ಲದಕ್ಕೂ ಸಿಡಿಮಿಡಿಗುಟ್ಟಿದರು. ನಾಲ್ಕನೆಯ ದಿನ ನೂರುನ್ನಿಸಾ ಒಲೆ ಆರಿಸಿ ಎದುರಿಗೆ ಕೂತು ಕೇಳಿದಳು. ಹೇಳಿದರು. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಂದ್ರೆ ನೀವು ಒಂದು ಗೋರಿ ಕಿತ್ತು ಹಾಕಿದೀರಿ."

"ನಂಗೇನು ಗೊತ್ತಿತ್ತು? ಯಾವನೋ ಪೋಲಿ ಗೀಚಿದಾನೆ ಅಂದ್ಕೊಂಡೆ."

"ಕಿತ್ತಾಗ ಗೊತ್ತಿರಲಿಲ್ಲ, ಸರಿ. ಆ ಮುದುಕರು ಎದುರಿಗೆ ನಿಂತಾಗ ಗೊತ್ತಿತ್ತಲ್ಲ. ಅವರು ತಮ್ಮ ತಲೆನೇ ಕೆಟ್ಟಿದೆ ಅಂದ್ಕೊಂಡು ಹೋದರು. ನೀವು ಕಳಿಸಿಕೊಟ್ರಿ."

ಭಾನುವಾರ ಬೆಳಿಗ್ಗೆ ಇಬ್ಬರೂ ಕಾರು ಹತ್ತಿ ವಲ್ಲೇಹೊಗೆ ಹೋದರು. ಬೆನಿಟೊರ ಮನೆಯ ಸೋಫಾದ ತುದಿಯಲ್ಲಿ ಕೂತು, ಬಂದಷ್ಟು ಇಂಗ್ಲಿಷಿನಲ್ಲಿ, ನಾನೇ ತೆಗೆದೆ, ಅವತ್ತು ಹೇಳುವ ಧೈರ್ಯವಾಗಲಿಲ್ಲ ಎಂದರು. ಬೈಗುಳಕ್ಕೆ ಸಿದ್ಧರಾಗಿಯೇ ಹೋಗಿದ್ದರು.

ಬೆನಿಟೊ "ಅಕ್ಷರ ಆಳವಾಗಿತ್ತೇ?" ಎಂದು ಕೇಳಿದರು.

"ಕಾಲು ಇಂಚು."

"ಕ್ರಿಸ್ಪಿನ್ ಬ್ರೆಡ್ ಕೊಯ್ಯುವ ಚಾಕುವಿನಲ್ಲಿ ಮೂರು ದಿನ ಕೆತ್ತಿದ" ಎಂದರು ಬೆನಿಟೊ. ಒಳಗಿದ್ದ ಮಗಳನ್ನು ಕೂಗಿ ಕರೆದು, "ನೋಡು, ನನಗೆ ಮರೆವು ಇಲ್ಲ" ಎಂದರು. ಆಮೇಲೆ ಕಣ್ಣು ಒರೆಸಿಕೊಂಡರು. ನೂರುನ್ನಿಸಾ ಕೂಡ.

ಅವರು ಕೇಳಿದ್ದು ಒಂದೇ. ಪೇಪರಿನಲ್ಲಿ ಬರೆದಿದ್ದ ಆ ಕಂಚಿನ ಫಲಕದ ಹೆಸರುಗಳಲ್ಲಿ ಅವರಿಬ್ಬರೂ ಇರಲಿಲ್ಲ, ಅದರ ಮೇಲೆ ಕ್ರಿಸ್ಪಿನ್‌ನ ಹೆಸರು ಬರಬೇಕು. ತಮ್ಮದು ಇರದಿದ್ದರೂ ನಡೆಯುತ್ತದೆ. ಪಡೆಯಿಂದ ಬಿಡುಗಡೆಯಾದಾಗ ಕೊಟ್ಟ ಕಾಗದವನ್ನೂ ತಂದುಕೊಟ್ಟರು. ಅದರಲ್ಲಿ ಬೆನಿಟೊರ ಹೆಸರಿತ್ತು, ಹಡಗಿನ ನಂಬರಿತ್ತು.

ಸೋಮವಾರ ಸಾಹೇಬರು ಅದನ್ನು ಹಿಡಿದುಕೊಂಡು ಸುಧನ್ವನ ಆಫೀಸಿಗೆ ಹೋದರು. ಕಿವಿಗೆ ಫೋನ್ ಒತ್ತಿಕೊಂಡು ಅವನು ಅರ್ಧ ಕೇಳಿಸಿಕೊಂಡ.

"ಸಾಬ್ರೇ, ಪ್ಲೇಕು ಆಲ್ರೆಡಿ ಕ್ಯಾಸ್ಟ್ ಆಗ್ಬಿಟ್ಟಿದೆ. ಸ್ಯಾಟರ್ಡೇ ಪಾರ್ಟಿ. ಈಗ ಎಲ್ಲಿ ಚೇಂಜ್ ಮಾಡೋಕಾಗತ್ತೆ?"

"ಪಕ್ಕಕ್ಕೆ ಒಂದು ಚಿಕ್ಕದು ಹಾಕಿಸಿ ಸ್ವಾಮಿ. ಬೇಡ ಅಂದ್ರೆ ನಾನೇ ಮರದಲ್ಲಿ ಮಾಡ್ಕೊಡ್ತೀನಿ."

"ಪ್ರೂಫ್ ಏನಿದೆ? ಈ ಪೇಪರಲ್ಲಿ ನಂಬರ್ ಇದೆ, ವಿನಿಫ್ರೆಡ್ ಅಂತ ಎಲ್ಲಿದೆ? ಆ ಇನ್ನೊಬ್ಬನದಂತೂ ಪೇಪರೇ ಇಲ್ಲ."

"ಹೆಸರು ನಾನು ಕಣ್ಣಾರೆ ನೋಡಿದೀನಿ. ನಾನೇ ತೆಗೆದಿದ್ದು."

"ಅದೇ ಹೇಳ್ತಿರೋದು, ತೆಗೆದಾಯ್ತಲ್ಲ. ನೀಟಾಗಿದೆ, ಬಿಟ್ಬಿಡಿ. ನೋಡಿ ಸಾಬ್ರೇ, ಕ್ರೂ ಅಂದ್ರೆ ಬೋಟು ಓಡಿಸೋರು, ಗನ್ನು ಹಿಡಿಯೋರು. ಇವರು ವೆಯ್ಟರ್ಸು ತಾನೆ?"

ಸಾಹೇಬರಿಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಏನು? ಮದ್ದಿನ ಪೆಟ್ಟಿಗೆ ಎತ್ತಿ ಎಸೆಯುವಾಗ ಕ್ರಿಸ್ಪಿನ್ ಬರೀ ವೆಯ್ಟರ್ ಆಗಿದ್ದನೇ? ಆ ಹನ್ನೆರಡು ಪೆಟ್ಟಿಗೆ ಹಡಗಿನಲ್ಲೇ ಉಳಿದಿದ್ದರೆ ಇವತ್ತು ಪಾರ್ಟಿ ಮಾಡಲು ಹಡಗೆಲ್ಲಿರುತ್ತಿತ್ತು? ಫಲಕದ ಮೇಲಿನ ಮೂವತ್ತೆಂಟು ಜನ ಮನೆಗೆ ಹೋಗಿ ಮಕ್ಕಳನ್ನು ಹೆತ್ತದ್ದು ಯಾರ ಪುಣ್ಯದಿಂದ? ಜಯನಗರದಿಂದ ಬಂದು, ತನ್ನ ಹೆಸರನ್ನು ಬಿಳಿಯರು ಸರಿಯಾಗಿ ಹೇಳಲಿಲ್ಲವೆಂದು ಪತ್ರಿಕೆಯವರ ಮೇಲೆ ರೇಗುವ ಈ ಹುಡುಗನಿಗೆ ಇನ್ನೊಬ್ಬನ ಹೆಸರೆಂದರೆ ಇಷ್ಟು ಸಸಾರವೇ? ಇದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನು ನ್ಯೂಯಾರ್ಕ್‌ನ ವಿಮಾನಕ್ಕೆ ಹೊತ್ತಾಯಿತೆಂದು ಎದ್ದುಬಿಟ್ಟ. ಷೇರು ಮಾರುಕಟ್ಟೆಯ ಗಂಟೆ ಬಾರಿಸುವುದಿತ್ತಂತೆ.

ಮಂಗಳವಾರ ಬೆಳಿಗ್ಗೆ ಸಾಹೇಬರು ತಮ್ಮ ಟ್ರಂಕಿನ ತಳದಿಂದ ಮೈಸೂರಿನ ಬೀಟೆ ಮರದ ತುಂಡುಗಳನ್ನು ತೆಗೆದುಕೊಂಡು ಅಲಮೀಡಾಕ್ಕೆ ಹೋದರು. ಬಡಿಸುವ ಕೋಣೆಯಲ್ಲಿ ತಾವು ಕೂರಿಸಿದ್ದ ಆ ಚೆಂದದ ತೇಪೆಯ ಮೇಲೆ ಉಳಿ ಇಟ್ಟರು. ಮರದ ಮೇಲೆ ಹೆಸರು ಬರೆದ ಶಿಷ್ಯನಿಗೆ ಉಸ್ತಾದರು ಏನನ್ನುತ್ತಿದ್ದರೋ ಎಂದು ಒಂದು ಗಳಿಗೆ ಯೋಚಿಸಿದರು. ನನ್ನ ಹೆಸರಲ್ಲವಲ್ಲ ಎಂದುಕೊಂಡು ಸುತ್ತಿಗೆ ಎತ್ತಿದರು.

ಒಂದೊಂದು ಅಕ್ಷರವನ್ನೂ ಕಂಬದೊಳಗೆ ಎರಡು ಇಂಚು ಆಳ ಕೊರೆದರು. ಮೈಸೂರಿನಲ್ಲಿ ಯಾರೂ ಅಷ್ಟು ಆಳ ಹೋಗುವುದಿಲ್ಲ, ಅಕ್ಕಿಕಾಳಿನಷ್ಟು ಹೋದರೆ ಹೆಚ್ಚು. ಬೀಟೆಯಲ್ಲಿ ಅದೇ ಅಕ್ಷರ ಕಡಿದು, ಹಲ್ಲು ದವಡೆಯಲ್ಲಿ ಕೂರುವ ಹಾಗೆ ಬಿಗಿಯಾಗಿ ಕೂರಿಸಿದರು. ಕ್ರಿಸ್ಪಿನ್ ಅಬ್ಲಾಸಾ. ಅದರ ಕೆಳಗೆ ಬೆನಿಟೊ ವಿಯ್ಯರೊಯೆಲ್. ತಮ್ಮದು ಬೇಡ ಎಂದು ಬೆನಿಟೊ ಹೇಳಿದ್ದರು, ಆದರೆ ತೆಗೆದದ್ದು ಎರಡು ಹೆಸರು, ಹಾಕಬೇಕಾದದ್ದೂ ಎರಡೇ. ಊಟಕ್ಕೂ ಏಳದೆ ಮೂರು ದಿನ ಕೆಲಸ ಮಾಡಿದರು.

ಶುಕ್ರವಾರ ಸುಧನ್ವ ಬಂದು ನೋಡಿದ. ತಿಳಿಬಣ್ಣದ ತೇಗದಲ್ಲಿ ಕಪ್ಪಗೆ ಹೊಳೆಯುವ ಎರಡು ಹೆಸರು ಬಾಗಿಲು ದಾಟುವವರಿಗೆಲ್ಲ ಎದ್ದು ಕಾಣುತ್ತಿದ್ದವು.

"ಯಾರನ್ನ ಕೇಳಿ ಮಾಡಿದ್ರಿ ಇದನ್ನ? ಇದು ನನ್ನ ಬೋಟು."

"ಹೌದು ಸ್ವಾಮಿ, ನಿಮ್ಮದೇ."

"ಇವತ್ತೇ ತೆಗೀರಿ."

"ನಾನು ತೆಗೆಯಲ್ಲ. ಒಂದು ಸಲ ತೆಗೆದು ಅನುಭವಿಸಿದೀನಿ. ಬೇರೆಯವರ ಕೈಲಿ ತೆಗೆಸಿ."

ಕಾರ್ಖಾನೆಯ ಇಬ್ಬರು ಹಿರಿಯ ಬಡಗಿಗಳನ್ನು ಸುಧನ್ವ ಕರೆಸಿದ. ಅವರು ಬಗ್ಗಿ ನೋಡಿದರು, ಸವರಿದರು, ಸಣ್ಣ ಮೊಳೆಯಿಂದ ಆಳ ನೋಡಲು ಹೋಗಿ ಸಂದು ಸಿಗದೆ ಬಿಟ್ಟರು. ಎರಡು ಇಂಚು ಎಂದು ಸಾಹೇಬರೇ ಹೇಳಿದರು. ಮೇಲಿನ ಚಾವಣಿಯನ್ನು ಹೊತ್ತಿರುವುದೇ ಈ ಕಂಬ, ಹೆಸರು ಹೋಗಬೇಕೆಂದರೆ ಕಂಬವನ್ನೇ ಕಡಿದು ಬೇರೆ ನಿಲ್ಲಿಸಬೇಕು, ಕಡಿಮೆಯೆಂದರೂ ಒಂದು ತಿಂಗಳು ಎಂದರು. ಇಬ್ಬರಲ್ಲಿ ಒಬ್ಬ ಹೋಗುವಾಗ ಸಾಹೇಬರ ಬೆನ್ನು ತಟ್ಟಿದ. ಸುಧನ್ವ ಸಿಟ್ಟಿನಿಂದ ಕೆಂಪಾಗಿ, ನಾಳೆಯ ಪಾರ್ಟಿ ಆದಮೇಲೆ ನಿಮ್ಮ ಕೆಲಸ ಮುಗಿಯಿತು ಎಂದು ಹೇಳಿ ಹೋದ.

ಶನಿವಾರ ಮಧ್ಯಾಹ್ನ ಹಡಗಿನ ತುಂಬ ಜನ. ಕೆಲಸ ಹೋದರೂ ಸಾಹೇಬರಿಗೆ ಕರೆ ಇತ್ತು. ಹೋಗಿ ನೋಡಿದರೆ ಬೆನಿಟೊ ಕೂಡ ಕೋಟು ತೊಟ್ಟು ಮುಂದಿನ ಕುರ್ಚಿಯಲ್ಲಿ ಕೂತಿದ್ದಾರೆ. ರಾತ್ರೋರಾತ್ರಿ ಸುಧನ್ವನಿಗೆ ಜ್ಞಾನೋದಯವಾಗಿತ್ತು. ತೆಗೆಯಲಾಗದ ಹೆಸರಿನಿಂದಲೂ ಹೆಸರು ಮಾಡಬಹುದು ಎಂದು ಅವನ ಸೆಕ್ರೆಟರಿಯೋ ಯಾರೋ ಹೇಳಿಕೊಟ್ಟಿರಬೇಕು. ಅವನು ಮೈಕು ಹಿಡಿದು, ಈ ಹಡಗನ್ನು ದುರಸ್ತಿ ಮಾಡುವಾಗ ಇತಿಹಾಸ ಮರೆತ ಇಬ್ಬರು ವೀರರನ್ನು ನಾವು ಪತ್ತೆ ಹಚ್ಚಿದೆವು, ಅವರ ಹೆಸರನ್ನು ನನ್ನ ತಾಯ್ನಾಡಿನ ಕಲೆಯಲ್ಲಿ ಅಜರಾಮರ ಮಾಡಿಸಿದ್ದೇನೆ ಎಂದ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಕರ್ರಮ್ ಸಾಹೇಬರಿಗೆ ಕೈಯಲ್ಲಿದ್ದ ಪೆಪ್ಸಿಯ ಲೋಟವನ್ನು ಅವನ ತಲೆಯ ಮೇಲೆ ಸುರಿಯುವಷ್ಟು ರೋಷ ಬಂತು.

ಅಷ್ಟರಲ್ಲಿ ಸುಧನ್ವ ಮೈಕನ್ನು ಬೆನಿಟೊರ ಕೈಗೆ ಕೊಟ್ಟ. ಮುದುಕರು ಕೃತಜ್ಞತೆ ಹೇಳಿ ಕೂರುತ್ತಾರೆಂದು ಎಲ್ಲರೂ ಕಾದರು.

"ಆ ಹೆಸರುಗಳನ್ನು ಮೊದಲು ಕೆತ್ತಿದ್ದು ಕ್ರಿಸ್ಪಿನ್" ಎಂದರು ಬೆನಿಟೊ. "ಅಲ್ಲಿ ನಿಂತಿದ್ದಾರಲ್ಲ, ಅವರು ಅದನ್ನು ಅಳಿಸಿದರು. ಅಳಿಸಿದೆ ಎಂದು ನನ್ನ ಮನೆಗೆ ಬಂದು ನನ್ನ ಮುಖ ನೋಡಿಕೊಂಡು ಹೇಳಿದರು. ಆಮೇಲೆ ತಾವೇ ಮತ್ತೆ ಕೂರಿಸಿದರು. ಈ ಯಜಮಾನರು ನಮಗೆ ಪುರಾವೆ ಇಲ್ಲ ಅಂದಿದ್ದರಂತೆ. ನಿಮ್ಮ ಕಂಚಿನ ಫಲಕ ಓದಿದೆ. ಅದರಲ್ಲಿ ಈಗಲೂ ನಾವಿಲ್ಲ. ನೀವೆಲ್ಲ ಈಗ ಚಪ್ಪಾಳೆ ತಟ್ಟಿದ್ದು ಯಾರಿಗೆ ಅಂತ ನನಗೆ ತಿಳಿಯಲಿಲ್ಲ."

ಸುಧನ್ವನ ಮುಖದಲ್ಲಿ ನಗು ಹಾಗೇ ಉಳಿದಿತ್ತು, ಅದನ್ನು ಏನು ಮಾಡಬೇಕೆಂದು ಅವನಿಗೂ ತೋಚಿದಂತಿರಲಿಲ್ಲ. ಬೆನಿಟೊ ಮೈಕನ್ನು ಕುರ್ಚಿಯ ಮೇಲಿಟ್ಟು, ಬಡಿಸುವ ಕೋಣೆಗೆ ಇಳಿದು ಹೋಗಿ ಕಂಬದ ಮುಂದೆ ಟೋಪಿ ತೆಗೆದು ನಿಂತರು. ಕ್ರಿಸ್ಪಿನ್‌ನ ಹೆಸರಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ತಮ್ಮ ಭಾಷೆಯಲ್ಲಿ ಪ್ರಾರ್ಥನೆ ಶುರು ಮಾಡಿದರು. ಐವತ್ತೇಳು ವರ್ಷ ಸಮುದ್ರವನ್ನೇ ನೋಡಿಕೊಂಡು ಮಾಡಿದ್ದ ಪ್ರಾರ್ಥನೆ ಅದು.

ಹಿಂದೆಯೇ ಇಳಿದು ಬಂದ ಮುಕರ್ರಮ್ ಸಾಹೇಬರು ಬಾಗಿಲಿಗೆ ಅಡ್ಡವಾಗಿ ನಿಂತುಕೊಂಡರು. ತಟ್ಟೆ ಲೋಟ ಹಿಡಿದು ಬಂದವರನ್ನೆಲ್ಲ, ಇಲ್ಲಿ ಜಾಗವಿಲ್ಲ, ಆ ಕಡೆಯಿಂದ ಸುತ್ತಿಕೊಂಡು ಹೋಗಿ ಎಂದು ಕಳಿಸಿದರು. ಆಮೇಲೆ ಸುಧನ್ವ ಬಂದ. ಅವನಿಗೂ ಅದನ್ನೇ ಹೇಳಿದರು.